ಕಪಾಟಿನ ಆಟಿಕೆ, ಕೈಯೊಳಗಿನ ಹುಣಸೆಬೀಜ

ನಾನು ಕಿರಾಣಿ ವ್ಯಾಪಾರಿ. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಪೇಟೆಯಲ್ಲಿ ನಮ್ಮ ತಂದೆಯವರು ಹಾಕಿದ ಅಂಗಡಿಯನ್ನೇ ನಾಲ್ಕು ದಶಕಗಳಿಂದ ನಡೆಸಿಕೊಂಡು ಬಂದಿದ್ದೇನೆ. ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ಚಿಕ್ಕ ಮಕ್ಕಳ ಶಿಕ್ಷಣದ ಬಗ್ಗೆ ಬರೆಯಲು ಈತನಿಗೆ ಏನು ಅಧಿಕಾರ ಎಂದು ವಾಚಕ ಬಂಧುಗಳು ಕೇಳಬಹುದು. ಅಧಿಕಾರ ಇಲ್ಲ, ಅನುಭವ ಇದೆ. ಅದೂ ಒಂದು ತಪ್ಪಿನ ಅನುಭವ. ನನ್ನ ತಪ್ಪು ನಾಲ್ಕು ಮನೆಯವರಿಗೆ ಉಪಯೋಗವಾದರೆ ಆಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ತಾಯಿಯವರು 2013ರಲ್ಲಿ ತೀರಿಕೊಂಡರು. ಮರುವರ್ಷ ಅವರ ಪುಣ್ಯತಿಥಿಗೆ ಏನಾದರೂ ದಾನ ಮಾಡಬೇಕೆಂದು ಮನೆಯಲ್ಲಿ ಮಾತಾಯಿತು. ಅವರಿಗೆ ಮಕ್ಕಳೆಂದರೆ ಪ್ರಾಣ. ಹಾಗಾಗಿ ಊರಿನ ಬಾಲವಾಡಿಗೆ ಆಟದ ಸಾಮಾನು ಕೊಡುವುದೆಂದು ನಿಶ್ಚಯಿಸಿ, ಸೋಲಾಪುರಕ್ಕೆ ಹೋಗಿ ಹದಿನೈದು ಸಾವಿರ ರೂಪಾಯಿಯ ಆಟಿಕೆ ತಂದೆ. ಕಟ್ಟಿಗೆಯ ಗಡಿಯಾರ, ಬಣ್ಣದ ಇಟ್ಟಿಗೆಗಳು, ಜೋಡಿಸುವ ಚಿತ್ರಗಳು, ಮಣಿ ಸರಿಸುವ ಚೌಕಟ್ಟು ಎಲ್ಲವೂ ಇದ್ದವು. ಸಣ್ಣ ಸಮಾರಂಭ ಆಯಿತು. ಶಾಲು ಹೊದಿಸಿದರು, ಕಾಯಿ ಕೊಟ್ಟರು. ತಾಯಿಯವರ ಹೆಸರು ಬರೆಸಿದ ಫಲಕವನ್ನು ಕಪಾಟಿನ ಮೇಲೆ ಹಚ್ಚಿದರು. ದೊಡ್ಡ ಕೆಲಸ ಮಾಡಿದೆನೆಂದು ಸಮಾಧಾನದಿಂದ ಮನೆಗೆ ಬಂದೆ.

ಮೂರು ವರ್ಷ ಕಳೆದ ಮೇಲೆ, 2017ರಲ್ಲಿ, ನನ್ನ ಮೊಮ್ಮಗ ಅದೇ ಬಾಲವಾಡಿಗೆ ಸೇರಿದ. ದಿನಾಲೂ ಬೆಳಿಗ್ಗೆ ಅಳು. ಬಾಗಿಲ ಕಂಬ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಒಂದು ದಿನ ಅವನನ್ನು ಪುಸಲಾಯಿಸುತ್ತ, "ಅಲ್ಲಿ ನಿಮ್ಮ ಮುತ್ತಜ್ಜಿಯ ಆಟಗಿ ಸಾಮಾನು ಅದಾವಲ್ಲೋ, ಆಡಬೇಕು" ಅಂದೆ. ಅವನು ಕಣ್ಣು ಒರೆಸಿಕೊಂಡು, "ಅವು ಆಡೂವು ಅಲ್ಲಜ್ಜಾ, ನೋಡೂವು" ಅಂದ.

ನಾನೇ ಹೋಗಿ ನೋಡಿದೆ. ಕಪಾಟಿಗೆ ಬೀಗ. ಗಾಜಿನ ಒಳಗೆ ಆಟಿಕೆಗಳು ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಸಾಲಾಗಿ ಕುಳಿತಿದ್ದವು. ಮಕ್ಕಳು ಕೈಕಟ್ಟಿಕೊಂಡು ಬಳ್ಳಿ ಓದುತ್ತಿದ್ದರು. ಕೇಳಿದ್ದಕ್ಕೆ ಆಗಿನ ಬಾಯಿಯವರು ಒಂದು ರಜಿಸ್ಟರ್ ತಂದು ತೋರಿಸಿದರು. "ಕಾಕಾ, ಇವೆಲ್ಲ ಡೆಡ್ ಸ್ಟಾಕ್ ರಜಿಸ್ಟರಿನಾಗ ಹತ್ಯಾವ. ಒಂದು ಇಟ್ಟಿಗಿ ಕಳದರೂ ತಪಾಸಣಿಗೆ ಬಂದಾಗ ನಾನು ಉತ್ತರ ಕೊಡಬೇಕು" ಅಂದರು. ಅವರ ತಪ್ಪೇನೂ ಇರಲಿಲ್ಲ. ಅವರಿಗೆ ಸಿಗುತ್ತಿದ್ದ ಮಾನಧನ ಅಷ್ಟಕ್ಕಷ್ಟೆ. ಕಳೆದುಹೋದದ್ದನ್ನು ಅವರು ಎಲ್ಲಿಂದ ತುಂಬಬೇಕು?

ಡೆಡ್ ಸ್ಟಾಕ್ ಎಂಬ ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ವ್ಯಾಪಾರಿಗೆ ಅದಕ್ಕಿಂತ ಕೆಟ್ಟ ಶಬ್ದ ಇನ್ನೊಂದಿಲ್ಲ. ಕಪಾಟಿನಲ್ಲಿ ಕುಳಿತ ಮಾಲು ಎಷ್ಟೇ ಬೆಲೆಯದಾದರೂ ಹೊರೆಯೇ. ತಾಯಿಯ ಹೆಸರಿನಲ್ಲಿ ನಾನು ಕೊಟ್ಟದ್ದು ಸತ್ತ ಮಾಲಾಗಿ ಕುಳಿತಿತ್ತು.

ಅರ್ಧ ಕಿಲೋ ಹುಣಸೆಬೀಜ

ಮರುವರ್ಷ ಆ ಬಾಯಿಯವರು ಬೇರೆ ಊರಿಗೆ ಹೋದರು, ಹೊಸಬರು ಬಂದರು. ಬಂದ ವಾರದೊಳಗೆ ನಮ್ಮ ಅಂಗಡಿಗೆ ಬಂದು, "ಹುಣಸೆಬೀಜ ಅದಾವೇನು?" ಎಂದು ಕೇಳಿದರು. ನಮ್ಮ ಕಡೆ ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಮನೆಮನೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಬೀಜ ಬೇರೆಯೇ ಮಾರಾಟವಾಗುತ್ತದೆ. ಅದರ ಹಿಟ್ಟನ್ನು ನೂಲಿಗೆ ಗಂಜಿ ಹಾಕಲು ಬಳಸುತ್ತಾರೆ. ನಾನು ಅರ್ಧ ಕಿಲೋ ತೂಗಿ ಕೊಟ್ಟು ಹತ್ತು ರೂಪಾಯಿ ಇಸಿದುಕೊಂಡೆ. ಅವರು ಚೀಲದ ಮೂಲೆಯಿಂದ ನಾಣ್ಯ ಹುಡುಕಿ ಎಣಿಸಿ ಕೊಟ್ಟರು. ಇದನ್ನು ಇಂದು ಬರೆಯುವಾಗಲೂ ನಾಚಿಕೆಯಾಗುತ್ತದೆ. ಹದಿನೈದು ಸಾವಿರ ದಾನ ಮಾಡಿದ ಕೈಯೇ ಈ ಹತ್ತು ರೂಪಾಯಿಗೂ ಚಾಚಿತ್ತು.

ಎರಡು ವಾರದ ನಂತರ ಮೊಮ್ಮಗ ಅಳುವುದನ್ನು ಬಿಟ್ಟ. ಜೇಬಿನಲ್ಲಿ ಮೂರು ಹುಣಸೆಬೀಜ ಇಟ್ಟುಕೊಂಡು ತಾನೇ ಮುಂದೆ ನಡೆಯತೊಡಗಿದ. ಅಲ್ಲಿ ಏನು ನಡೆದಿದೆ ಎಂದು ಮತ್ತೆ ನೋಡಲು ಹೋದೆ.

ಬಾಯಿಯವರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 'ರ' ಎಂದು ದೊಡ್ಡದಾಗಿ ಬರೆದಿದ್ದರು. ಮಕ್ಕಳು ಆ ಗೆರೆಯ ಮೇಲೆ ಒಂದೊಂದೇ ಬೀಜ ಜೋಡಿಸುತ್ತಿದ್ದರು. ನಮ್ಮ ಕನ್ನಡದ ಅಕ್ಷರಗಳೆಲ್ಲ ದುಂಡು. ಎಲ್ಲಿ ತಿರುಗಬೇಕು, ಎಲ್ಲಿ ಕೂಡಬೇಕು ಎಂಬುದನ್ನು ಪೆನ್ಸಿಲ್ ಹಿಡಿಯುವ ಮೊದಲೇ ಬೆರಳು ಕಲಿಯುತ್ತದೆ. ತಪ್ಪಾದರೆ ಅಳಿಸುವ ಗೋಜಿಲ್ಲ, ಬೀಜ ಸರಿಸಿದರೆ ಆಯಿತು. ಅದೇ ಬೀಜಗಳಿಂದ ಎಣಿಕೆ. ಐದು ಬಟ್ಟಲು ಇಟ್ಟು ಒಂದರಲ್ಲಿ ಒಂದು, ಎರಡರಲ್ಲಿ ಎರಡು ಹೀಗೆ ಹಾಕುವುದು. ದೊಡ್ಡ ಮಕ್ಕಳಿಗೆ ಚೌಕಾಬಾರ. ನಾಲ್ಕು ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರೆ ಕವಡೆ ಬೇಕಿಲ್ಲ. ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಮನೆ, ಎಲ್ಲವೂ ಕಪ್ಪಾದರೆ ಎಂಟು. ಐದು ವರ್ಷದ ಮಗು ಗಣಿತ ಕಲಿಯುತ್ತಿದ್ದೇನೆಂದು ತಿಳಿಯದೆಯೇ ಕಲಿಯುತ್ತದೆ.

ಇನ್ನೊಂದು ಮಾತು. ನಮ್ಮದು ಗಡಿನಾಡು. ಒಂದೇ ಚಾಪೆಯ ಮೇಲೆ ಕನ್ನಡದ ಮನೆಯ ಮಗು, ಮರಾಠಿ ಮನೆಯ ಮಗು ಪಕ್ಕಪಕ್ಕ ಕೂಡುತ್ತವೆ. ಒಬ್ಬನು ಹುಣಸೆಬೀಜ ಅನ್ನುತ್ತಾನೆ, ಇನ್ನೊಬ್ಬನು ಚಿಂಚೋಕಾ ಅನ್ನುತ್ತಾನೆ. ತಿಂಗಳೊಳಗೆ ಇಬ್ಬರಿಗೂ ಎರಡೂ ಶಬ್ದ ಬಂದವು. ಬಾಯಿಯವರು ಯಾವುದನ್ನೂ ತಪ್ಪು ಎನ್ನಲಿಲ್ಲ. ಮನೆಯ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಬಾ ಎಂದು ಹೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ನೋಡಿದ ವಸ್ತು ಕೈಯಲ್ಲಿದ್ದರೆ ಮನೆಯ ಮಾತೂ ತಾನಾಗಿ ಹೊರಗೆ ಬರುತ್ತದೆ. ನನ್ನ ಮೊಮ್ಮಗನ ಅಳು ಏಕಿತ್ತು, ಏಕೆ ನಿಂತಿತು ಎಂಬುದು ನನಗೆ ಅಂದು ಸ್ವಲ್ಪ ಅರ್ಥವಾಯಿತು.

ಅಂಗಡಿಯ ಕಸ, ಬಾಲವಾಡಿಯ ಸಾಧನ

ಅಂದಿನಿಂದ ಅಂಗಡಿಯಲ್ಲಿ ಒಂದು ಗೋಣಿಚೀಲ ತೂಗುಹಾಕಿದೆ. ಬಾಯಿಯವರು ಕೇಳಿದ್ದನ್ನೆಲ್ಲ ಅದರಲ್ಲಿ ಹಾಕುವುದು. ಅವರು ಮಾಡಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿಯೂ ಮಾಡಬಹುದು.

ಕಡ್ಡಿಪೆಟ್ಟಿಗೆ: ಹದಿನಾಲ್ಕು ವರ್ಷ ಒಂದೇ ರೂಪಾಯಿಗೆ ಮಾರಿದ ಕಡ್ಡಿಪೆಟ್ಟಿಗೆ 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ ಆಯಿತು. ಆದರೆ ಖಾಲಿ ಪೆಟ್ಟಿಗೆಗೆ ಇಂದಿಗೂ ಬೆಲೆ ಇಲ್ಲ. ಒಂದು ಪೆಟ್ಟಿಗೆ, ಅದರ ಪಕ್ಕ ಒಂದರ ಮೇಲೊಂದು ಎರಡು, ಆಮೇಲೆ ಮೂರು, ಹೀಗೆ ಹತ್ತರವರೆಗೆ ಅಂಟಿಸಿದರೆ ಮೆಟ್ಟಿಲು ಆಗುತ್ತದೆ. ಒಟ್ಟು ಐವತ್ತೈದು ಪೆಟ್ಟಿಗೆ ಬೇಕು. ಏಳು ಎಂಬುದು ಆರಕ್ಕಿಂತ ಒಂದು ಮೆಟ್ಟಿಲು ಎತ್ತರ ಎಂದು ಮಗು ಕೈಯಾಡಿಸಿ ತಿಳಿಯುತ್ತದೆ. ಬಾಯಿಪಾಠದಲ್ಲಿ ಇದು ತಿಳಿಯುವುದಿಲ್ಲ. ದಾರದಲ್ಲಿ ಪೋಣಿಸಿದರೆ ರೈಲು. ಒಳಗೆ ಹತ್ತಿ, ಉಂಗುರ, ಏಲಕ್ಕಿ ಹೀಗೆ ಒಂದೊಂದು ವಸ್ತು ಇಟ್ಟು ತೆರೆದು ಹೆಸರು ಹೇಳಿಸಿದರೆ ಮಾತಿನ ಪಾಠ. ಒಳಗೆ ಒಂದು ಕಡ್ಡಿಯೂ ಉಳಿದಿರಬಾರದು, ಉಜ್ಜುವ ಬದಿಗೆ ಕಾಗದ ಅಂಟಿಸಬೇಕು.

ಡಬ್ಬಿ: ಹೊರಗಿನಿಂದ ಒಳಗಿನದು ಕಾಣದ ಒಂದೇ ಅಳತೆಯ ಹನ್ನೆರಡು ಸಣ್ಣ ಡಬ್ಬಿ. ಎರಡರಲ್ಲಿ ಜೋಳ, ಎರಡರಲ್ಲಿ ಸಾಸಿವೆ, ಎರಡರಲ್ಲಿ ಉಪ್ಪು, ಎರಡರಲ್ಲಿ ಮರಳು, ಎರಡರಲ್ಲಿ ತೊಗರಿಬೇಳೆ, ಎರಡರಲ್ಲಿ ಹರಳು. ಮುಚ್ಚಳಕ್ಕೆ ಗಟ್ಟಿಯಾಗಿ ಪಟ್ಟಿ ಸುತ್ತಬೇಕು. ಕಿವಿಯ ಹತ್ತಿರ ಅಲುಗಾಡಿಸಿ ಜೋಡಿ ಹುಡುಕುವುದು ಆಟ. ಕಿವಿ ಸೂಕ್ಷ್ಮವಾಗುತ್ತದೆ, ಗದ್ದಲ ಮಾಡುವ ಮಕ್ಕಳೂ ಸುಮ್ಮನಾಗುತ್ತಾರೆ.

ತಕ್ಕಡಿ: ಇದು ನನ್ನ ಕಸುಬಿನದು. ಒಂದು ಕೋಲಿನ ಎರಡು ತುದಿಗೆ ತೆಂಗಿನ ಕರಟ ಕಟ್ಟಿ ಮಧ್ಯದಲ್ಲಿ ದಾರ ಹಾಕಿ ನಾನೇ ಮಾಡಿಕೊಟ್ಟೆ. ಒಂದು ಬದಿಗೆ ಮುಷ್ಟಿ ತುಂಬ ಹತ್ತಿ, ಇನ್ನೊಂದು ಬದಿಗೆ ಒಂದು ಸಣ್ಣ ಕಲ್ಲು. ಮೊಮ್ಮಗ ನೋಡಿ ಕೂಗಿದ: "ಅಜ್ಜಾ, ದೊಡ್ಡದು ಹಗುರ ಅದ, ಸಣ್ಣದು ವಜ್ಜ ಅದ!" ಇಷ್ಟು ವರ್ಷ ತಕ್ಕಡಿ ಹಿಡಿದ ನಾನು ಅದನ್ನು ಕಂಡು ಬೆರಗಾದದ್ದು ನೆನಪಿಲ್ಲ.

ಬಟ್ಟೆ ತುಂಡು: ಸೋಲಾಪುರದ ಚಾದರ, ಟವೆಲ್ಲುಗಳ ಕತ್ತರಿಸಿ ಉಳಿದ ಅಂಚು ಬಲು ಅಗ್ಗವಾಗಿ ಸಿಗುತ್ತದೆ. ಗೋಣಿ, ಕಂಬಳಿ, ರೇಶ್ಮೆ, ಮಖಮಲ್, ಖಾದಿ ಸೇರಿಸಿ ಎರಡೆರಡು ತುಂಡು ಮಾಡಿ ಚೀಲದಲ್ಲಿ ಹಾಕಬೇಕು. ಕಣ್ಣು ಮುಚ್ಚಿ ಬೆರಳಿನಿಂದಲೇ ಜೋಡಿ ಹುಡುಕುವುದು. ಒರಟು, ನುಣುಪು, ಮೆತ್ತಗೆ ಎಂಬ ಶಬ್ದಗಳು ಆಗ ಕೈಗೆ ಅಂಟಿಕೊಂಡು ಬರುತ್ತವೆ.

ರದ್ದಿ ಕಾಗದ: ಮೂರು ವರ್ಷದ ಮಗುವಿಗೆ ಹರಿಯುವುದೇ ಪಾಠ. ಬೆರಳಿಗೆ ಬಲ ಬರುತ್ತದೆ. ಹರಿದ ಚೂರನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ನೆನೆದ ಮೆಂತ್ಯದೊಂದಿಗೆ ರುಬ್ಬಿ, ಬೋಗುಣಿಯ ಹೊರಬದಿಗೆ ಬಳಿದು ಒಣಗಿಸಿದರೆ ಬುಟ್ಟಿ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಪಕ್ಕ ಇಟ್ಟುಕೊಳ್ಳುತ್ತಿದ್ದ ಕಾಗದದ ಬುಟ್ಟಿ ಇದೇ. ಅಂಟು ಬೇಕಾದರೆ ಎರಡು ಚಮಚ ಮೈದಾ ನೀರಿನಲ್ಲಿ ಕುದಿಸಿದರೆ ಸಾಕು. ಎರಡು ದಿನಕ್ಕೊಮ್ಮೆ ಹೊಸದು ಮಾಡಬೇಕು.

ಬಣ್ಣ: ಅರಿಶಿನ ಹಳದಿ. ಅದಕ್ಕೆ ಸಾಬೂನಿನ ನೀರು ಬಿದ್ದರೆ ಕೆಂಪು. ಮಕ್ಕಳಿಗೆ ಇದು ಜಾದೂ. ಇದ್ದಿಲು ಕಪ್ಪು, ಇಟ್ಟಿಗೆಯ ಪುಡಿ ಮತ್ತೊಂದು ಕೆಂಪು. ಬ್ರಶ್ಶಿನ ಬದಲು ತುದಿ ಜಜ್ಜಿದ ಬೇವಿನ ಕಡ್ಡಿ. ಅಚ್ಚು ಹಾಕಲು ಆಲೂಗಡ್ಡೆ ಕತ್ತರಿಸಿ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಗಡ್ಡೆ ಬರುವುದಿಲ್ಲ. ಅದಕ್ಕೇನೂ ಕೊರತೆಯಿಲ್ಲ, ಹೇಗೂ ಎಸೆಯುವ ಬೆಂಡೆಕಾಯಿ ತೊಟ್ಟಿನ ಕಡೆಯ ತುಂಡನ್ನು ಅದ್ದಿ ಒತ್ತಿದರೆ ನಕ್ಷತ್ರದಂಥ ಹೂವು ಬೀಳುತ್ತದೆ.

ದಂಟು ಮತ್ತು ಮಣ್ಣು: ನಮ್ಮದು ಜೋಳದ ಸೀಮೆ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬೆಂಡು. ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ, ಚಸ್ಮಾ, ಏಣಿ ಮಾಡಬಹುದು. ಸಿಪ್ಪೆ ಹರಿತ, ದೊಡ್ಡವರೇ ಸುಲಿದು ಕೊಡಬೇಕು. ಕಾರಹುಣ್ಣಿಮೆಯ ನಂತರ ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಎರೆಮಣ್ಣು ಕಲಸಿ ಪ್ರತಿಯೊಂದು ಮಗುವೂ ತನ್ನ ಎತ್ತು ಮಾಡಲಿ. ಒಂದಕ್ಕೆ ಮೂರೇ ಕಾಲು ಇದ್ದರೂ ಇರಲಿ.

ಹಿರಿಯರು ನಡೆದ ದಾರಿ

ಇದೆಲ್ಲ ಬಡತನದ ಉಪಾಯವೆಂದು ನಾನು ತಿಳಿದಿದ್ದೆ. ಬಾಯಿಯವರು ಕೊಟ್ಟ ಪುಸ್ತಕ ಓದಿದ ಮೇಲೆ ಹಾಗಲ್ಲವೆಂದು ಗೊತ್ತಾಯಿತು. ಜರ್ಮನಿಯ ಫ್ರೋಬೆಲ್ ಎಂಬವರು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ ಎಂಬ ಹೆಸರಿಟ್ಟರು. ಅವರು ಮಗುವಿಗೆ ಕೊಟ್ಟ ಮೊದಲ ಸಾಧನ ಬಣ್ಣದ ಉಣ್ಣೆಯ ಚೆಂಡು. ಯಾವ ತಾಯಿಯೂ ಮನೆಯಲ್ಲಿ ಸುತ್ತಬಹುದಾದ ಚೆಂಡು. ಇಟಲಿಯ ಮಾರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ಆರಂಭಿಸಿದರು. ಡಬ್ಬಿ ಅಲುಗಾಡಿಸುವ ಆಟ, ಬಟ್ಟೆ ಮುಟ್ಟಿ ಜೋಡಿಸುವ ಆಟ ಅವರ ಪದ್ಧತಿಯವೇ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರ ತೆರೆದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಅವರು ನಮ್ಮ ಮಹಾರಾಷ್ಟ್ರದವರು.

ಮಾಂಟೆಸ್ಸರಿ ಸಾಧನಗಳು ಒಳ್ಳೆಯವು, ಆದರೆ ಹಳ್ಳಿಗೆ ಎಟುಕದಷ್ಟು ದುಬಾರಿ ಎಂಬುದನ್ನು ತಾರಾಬಾಯಿಯವರು ಕಂಡರು. 1945ರಲ್ಲಿ ಸಮುದ್ರ ತೀರದ ಬೋರ್ಡಿ ಎಂಬ ಊರಿನಲ್ಲಿ ಅವರು ಬಾಲವಾಡಿ ತೆರೆದಾಗ ಅನುತಾಯಿ ವಾಘ್ ಅವರು ಜೊತೆಗೂಡಿದರು. ಊರಿನಲ್ಲಿ ಸಿಗುವ ವಸ್ತುಗಳನ್ನೇ ಸಾಧನ ಮಾಡಿಕೊಂಡರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋಗಿ ಆದಿವಾಸಿ ಮಕ್ಕಳ ನಡುವೆ ಅದೇ ಕೆಲಸ ಮುಂದುವರಿಸಿದರು. ಸರಕಾರದ ಅಂಗನವಾಡಿ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ಅದಕ್ಕೂ ಮೂವತ್ತು ವರ್ಷ ಮೊದಲೇ ಇಬ್ಬರು ಹೆಣ್ಣುಮಕ್ಕಳು ಅಂಗಳದಲ್ಲಿ ಕುಳಿತಿದ್ದರು. ಹುಣಸೆಬೀಜ ಬಡತನದ ಉಪಾಯವಲ್ಲ, ಯೋಚಿಸಿ ಆರಿಸಿದ ಸಾಧನ.

ಎಚ್ಚರಿಕೆಯ ಮಾತು

ಅಗ್ಗದ ವಸ್ತುವಿಗೆ ದುಬಾರಿ ಗಮನ ಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹುಣಸೆಬೀಜ, ಗುಂಡಿ, ಮಣಿ ಕೊಡಲೇಬಾರದು. ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುತ್ತದೆ. ಸುಮಾರು 32 ಮಿಲಿಮೀಟರ್, ಅಂದರೆ ಸವಾ ಇಂಚು ಅಗಲದ ಕೊಳವೆಯೊಳಗೆ ಇಳಿಯುವ ಯಾವ ವಸ್ತುವೂ ಆ ವಯಸ್ಸಿಗೆ ಅಪಾಯ. ಅವರಿಗೆ ದೊಡ್ಡ ಮುಚ್ಚಳ, ಕರಟ, ಬಟ್ಟೆಯ ಚೆಂಡು ಸಾಕು. ದೊಡ್ಡ ಮಕ್ಕಳಿಗೂ ಬೀಜವನ್ನು ಎಣಿಸಿ ಕೊಟ್ಟು ಎಣಿಸಿ ಮರಳಿ ಪಡೆಯಬೇಕು. ಹಾಗೆ ಮಾಡಿದರೆ ಅದೂ ಒಂದು ಲೆಕ್ಕವೇ.

ಬೀಜಗಳಲ್ಲಿ ಎಲ್ಲವೂ ಒಂದೇ ಅಲ್ಲ. ಗುಲಗಂಜಿ ನೋಡಲು ಬಲು ಚೆಂದ, ಕೆಂಪು ಮೈ, ಕಪ್ಪು ಚುಕ್ಕೆ. ಹಿಂದೆ ಅಕ್ಕಸಾಲಿಗರು ಅದರಿಂದಲೇ ಬಂಗಾರ ತೂಗುತ್ತಿದ್ದರು. ಆದರೆ ಅದರೊಳಗೆ ಘೋರ ವಿಷವಿದೆ. ಔಡಲ ಬೀಜವೂ ಹಾಗೆಯೇ. ಇವೆರಡನ್ನೂ ಮಕ್ಕಳ ಹತ್ತಿರ ತರಬಾರದು. ಔಷಧದ, ಕೀಟನಾಶಕದ ಡಬ್ಬಿಗಳನ್ನು ಎಷ್ಟೇ ತೊಳೆದರೂ ಬಳಸಬಾರದು. ಒಡೆದ ಗಾಜಿನ ಬಳೆ, ಗಡಿಯಾರದ ಗುಂಡಿ ಸೆಲ್ಲು ಬೇಡವೇ ಬೇಡ.

ಒಂದು ಪತ್ರ

ನನ್ನ ಹದಿನೈದು ಸಾವಿರದ ಆಟಿಕೆ ಏನಾಯಿತು ಎಂದು ಕೇಳುತ್ತೀರಿ. ನಾನು ಬಾಲವಾಡಿಯ ಕಮಿಟಿಗೆ ಒಂದು ಪತ್ರ ಬರೆದೆ. "ನಾನು ಕೊಟ್ಟ ಸಾಮಾನನ್ನು ಡೆಡ್ ಸ್ಟಾಕ್ ರಜಿಸ್ಟರಿನಿಂದ ತೆಗೆದು, ಖಡು ಮತ್ತು ಕಾಗದದ ಹಾಗೆ ಬಳಸಿ ಮುಗಿಯುವ ವಸ್ತುಗಳ ಪುಸ್ತಕದಲ್ಲಿ ಬರೆಯಿರಿ. ಮುರಿದರೆ, ಕಳೆದರೆ ಬಾಯಿಯವರು ಜವಾಬ್ದಾರರಲ್ಲ. ಮಕ್ಕಳ ಕೈಯಲ್ಲಿ ಸವೆಯಲೆಂದೇ ಕೊಟ್ಟಿದ್ದೇನೆ." ಎರಡು ಸಭೆ ಚರ್ಚೆಯಾಯಿತು. ಕೊನೆಗೆ ಒಪ್ಪಿದರು. ಬೀಗ ತೆಗೆದರು.

ಮೊದಲ ವಾರದಲ್ಲೇ ಕಟ್ಟಿಗೆಯ ಗಡಿಯಾರದ ಮುಳ್ಳು ಮುರಿಯಿತು. ಸುಳ್ಳು ಹೇಳುವುದಿಲ್ಲ, ಕೇಳಿದಾಗ ಹೊಟ್ಟೆಯಲ್ಲಿ ಚುರ್ ಎಂದಿತು. ಮರುದಿನ ನೋಡಿದರೆ ಬಾಯಿಯವರು ಅದರ ಜಾಗಕ್ಕೆ ಜೋಳದ ದಂಟಿನ ಸಿಪ್ಪೆ ಕಟ್ಟಿದ್ದರು. ಗಡಿಯಾರ ಮೊದಲಿನಂತೆಯೇ ಹತ್ತು ಗಂಟೆ ತೋರಿಸುತ್ತಿತ್ತು.

ನಮ್ಮ ತಾಯಿಯವರು ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣು ಕುಟ್ಟುವಾಗ ಸಿಡಿದ ಬೀಜಗಳನ್ನು ಆರಿಸಿ ನಮಗೆ ಆಡಲು ಕೊಡುತ್ತಿದ್ದರು. ಅವರ ಹೆಸರಿನಲ್ಲಿ ದಾನ ಮಾಡಲು ಸೋಲಾಪುರಕ್ಕೆ ಹೋದಾಗ ಇದು ನನಗೆ ನೆನಪಾಗಲಿಲ್ಲ. ಈಗ ಪ್ರತಿ ವರ್ಷ ಅವರ ತಿಥಿಗೆ ನಾನು ಕೊಡುವುದು ಒಂದು ಚೀಲ ಹುಣಸೆಬೀಜ, ಖಾಲಿ ಡಬ್ಬಿ, ರದ್ದಿ, ಸ್ವಲ್ಪ ಮೈದಾ, ಅರಿಶಿನ, ದಾರ. ಕಳೆದ ವರ್ಷದ ಲೆಕ್ಕ ತೆಗೆದು ನೋಡಿದೆ, ಎಲ್ಲ ಸೇರಿ ಮುನ್ನೂರ ಎಂಬತ್ತು ರೂಪಾಯಿ. ಫಲಕಕ್ಕೆ ಖರ್ಚಾದದ್ದೇ ಅದಕ್ಕಿಂತ ಹೆಚ್ಚು.

ಓದುಗ ಬಂಧುಗಳಲ್ಲಿ ಒಂದೇ ವಿನಂತಿ. ಈ ತಿಂಗಳು ನಿಮ್ಮ ಮನೆಯಿಂದ ಹೊರಬೀಳುವ ಖಾಲಿ ಡಬ್ಬಿ, ಬಟ್ಟೆ ತುಂಡು, ಕಡ್ಡಿಪೆಟ್ಟಿಗೆಗಳನ್ನು ತೊಳೆದು ಒಣಗಿಸಿ ಒಂದು ಚೀಲದಲ್ಲಿ ಕೂಡಿಡಿ. ಹತ್ತಿರದ ಅಂಗನವಾಡಿಗೋ ಬಾಲವಾಡಿಗೋ ನೀವೇ ಒಯ್ದು ಕೊಡಿ. ಕೊಡುವಾಗ ಬಾಯಿಯವರಿಗೆ, "ಇವು ಮುರಿದರೂ ಚಿಂತೆಯಿಲ್ಲ, ಮತ್ತೆ ತರುತ್ತೇನೆ" ಎಂದು ಹೇಳುವುದನ್ನು ಮರೆಯಬೇಡಿ. ಮನೆಗೆ ಮರಳಿ ಮೊಮ್ಮಕ್ಕಳೊಂದಿಗೆ ನೆಲದ ಮೇಲೆ ಕುಳಿತು ನಾಲ್ಕು ಹುಣಸೆಬೀಜ ತಿಕ್ಕಿ ಒಂದು ಆಟ ಆಡಿರಿ. ನಾನು ಇಂದಿಗೂ ಮೊಮ್ಮಗನಿಗೆ ಸೋಲುತ್ತೇನೆ.